ಮಗಳಿಗೊಂದು ಪತ್ರ: ಗಾಡಿ ಇಳಿಸೂಕಿಂತ ಮೊದಲ

ಬಾಗಲಕೋಟೆ
ಶುಕ್ರವಾರ ರಾತ್ರಿ

ಪ್ರೀತಿಯ ತಂಗೀ,

ನಿನ್ನೆ ಫೋನಿನ್ಯಾಗ ನಾ ಹಂಗ ಒದರಬಾರದಿತ್ತು. ತಪ್ಪಾತು. ಇಷ್ಟು ಸಣ್ಣ ವಯಸ್ಸಿನ್ಯಾಗ ಸಕ್ಕರಿ ಕಾರ್ಖಾನಿ ಕಬ್ಬು ವಿಭಾಗಕ್ಕ ಮುಖ್ಯಸ್ಥೆ ಆಗೀದಿ ಅಂತ ಓಣಿ ತುಂಬ ಹೇಳಿಕೊಂಡು ಬಂದೇನಿ. ಅದ ಬಾಯಿಲೆ ನಿನ್ನ ಬೈದೆ. ಆದರ ಕಾಟಾದಾಗ, ಅಂದ್ರ ಗಾಡಿ ಸಮೇತ ಕಬ್ಬು ತೂಗೋ ಯಂತ್ರದಾಗ, ತೂಕ ಕಡಿಮಿ ಬಂತು ಅಂದ ರೈತನ ಬಗ್ಗೆ ನೀ ಅಂದ ಒಂದು ಮಾತು ನಿದ್ದಿ ಕೆಡಿಸೈತಿ: "ಅಪ್ಪಾ, ಕಾಟಾಕ್ಕ ತೂಕ-ಅಳತಿ ಇಲಾಖೆಯವರ ಮುದ್ರಿ ಐತಿ, ಕಂಪ್ಯೂಟರ್ ತೋರಿಸಿದ್ದ ಖರೆ, ಅವ ಸುಮ್ಮನ ತಕರಾರು ಮಾಡತಾನ."

ಮುದ್ರಿ 12 ತಿಂಗಳಿಗೊಮ್ಮೆ. ಕಾಟಾ ಕೆಡಾಕ ಒಂದು ರಾತ್ರಿ ಸಾಕು. ಗಾಡಿ ನಿಲ್ಲೋ ಪ್ಲೇಟಿಗೂ ಸುತ್ತಲಿನ ಕಾಂಕ್ರೀಟಿಗೂ ನಡುವಿನ ಸಂದಿನ್ಯಾಗ ಎರಿಮಣ್ಣು, ರವದಿ, ಒಂದು ಖಡಿ ಸಿಕ್ಕೊಂಡ್ರ, ಹೇರಿದ ಗಾಡಿ ಬಂದಾಗ ಪ್ಲೇಟ್ ಬಾಗಿ ಅದರ ಮ್ಯಾಲ ಕೂಡತೈತಿ; ಅಷ್ಟು ಭಾರ ಪ್ಲೇಟಿನ ಕೆಳಗ ತೂಕ ಅಳೆಯೋ ಲೋಡ್ ಸೆಲ್ಲಿಗೆ ಮುಟ್ಟೂದ ಇಲ್ಲ. ಖಾಲಿ ಗಾಡಿಗೆ ಪ್ಲೇಟ್ ಅಷ್ಟು ಬಾಗೂದಿಲ್ಲ, ಹಂಗಾಗಿ ಖಾಲಿ ತೂಕ ಬರೋಬ್ಬರಿ ಬರತೈತಿ. ಸೊನ್ನೀನೂ ಬರೋಬ್ಬರಿ ತೋರಸತೈತಿ. ಹೇರಿದ ತೂಕದಾಗ ಖಾಲಿ ತೂಕ ಕಳದು ಉಳಿದದ್ದು ಕಬ್ಬು; ಕಡಿಮಿ ಬೀಳೂದು ಅದಷ್ಟ. ಗಾಡಿಗೆ 2 ಕ್ವಿಂಟಲ್ ಹೋತು ಅಂತ ಹಿಡಿ. ಟನ್ನಿಗೆ 3,300 ರೂಪಾಯಿ ದರದಾಗ 660 ರೂಪಾಯಿ. ದಿನಾ 300 ಗಾಡಿ ಬಂದರ 1,98,000. ಯಾರೂ ಕೈಹಾಕದಿದ್ದರೂ ರೈತನ ರೊಕ್ಕ ಹೋತು.

ಅದಕ ಪಾಳಿ ಬದಲಾದಾಗೊಮ್ಮೆ ಸಂದಿ ತೊಳಸು. ಹೇರಿದ ಸಣ್ಣ ಲಾರಿ ಒಂದನ್ನ ಪ್ಲೇಟಿನ ಮುಂದಿನ ತುದಿಗೆ, ನಡುವ, ಹಿಂದಿನ ತುದಿಗೆ ನಿಲ್ಲಿಸಿ ಮೂರು ಸಲ ತೂಗಸು. ಮೂರೂ ತಾಳೆ ಆಗದಿದ್ದರ ಆ ಕಾಟಾ ಬಂದ್. ಹಿಂದಿನ ಖಾಲಿ ತೂಕ ಕಂಪ್ಯೂಟರಿನ್ಯಾಗ ಐತಿ ಅಂತ ಅದನ್ನ ಹಾಕಾಕ ಬಿಡಬ್ಯಾಡ, ಪ್ರತಿ ಟ್ರಿಪ್ಪಿಗೂ ತೂಗಬೇಕು.

ಇದು ನಿನಗ ಗೊತ್ತಿದ್ದದ್ದ. ನನ್ನ ಅಂಜಿಕಿ ಬ್ಯಾರೆ. ತಕರಾರು ಮಾಡಿದವನ ಗಾಡಿ ಏನಾತು? ಕಬ್ಬು ಗಾಣಕ್ಕ ಒಯ್ಯೋ ಪಟ್ಟಿಗೆ, ಕೇನ್ ಕ್ಯಾರಿಯರಿಗೆ, ಬಿದ್ದ ಮ್ಯಾಲ ಸಾಕ್ಷಿ ಉಳಿಯೂದಿಲ್ಲ, ಇಳಿಸೂಕಿಂತ ಮೊದಲ ಇನ್ನೊಂದು ಕಾಟಾದಾಗ ತೂಗಬೇಕು. ಹಂಗ ಕೇಳಿದವನ ಗಾಡಿ ಸಾಲಿನ ಕಡೀಕ ಹೋದರ, ಕಬ್ಬು ಒಣಗಿ ತೂಕ ಇನ್ನೂ ಇಳೀತೈತಿ. ಅದನ್ನ ನೋಡಿದ ಮುಂದಿನವ ಬಾಯಿ ಬಿಡೂದಿಲ್ಲ. ತಕರಾರು ಪುಸ್ತಕ ಖಾಲಿ ಇದ್ದದ್ದು ನೋಡಿ ಎಲ್ಲಾ ಛಲೋ ನಡದೈತಿ ಅಂತ ನೀ ತಿಳಕೋತಿ. ನನ್ನ ಅಂಜಿಕಿ ಇದ, ತಂಗೀ, ಇದೊಂದ.

ಮರುತೂಕ ಕೇಳಿದವನ ಪಾಳಿ ಹೋಗೂದಿಲ್ಲ ಅಂತ ಬರದು, ನಿನ್ನ ಸಹಿ ಮಾಡಿ ಕಾಟಾ ಕಿಡಕಿಗೆ ಹಚ್ಚು. ಗಾಡಿ ನಂಬರು, ವೇಳೆ, ಎರಡೂ ತೂಕ ಪುಸ್ತಕದಾಗ ಬರಸು. ತೂಕ ತಪ್ಪಾಕತ್ತೈತಿ ಅಂತ ತಾನ ಬಂದು ಹೇಳೋ ಕ್ಲರ್ಕನ್ನ ಬ್ಯಾರೆ ಕಡೆ ಹಾಕರಿ ಅಂತ ಮ್ಯಾಲಿನವರು ಅಂದರ ಅಡ್ಡ ನಿಲ್ಲು. ಮುಂದಿನ ತಿಂಗಳ ಅವ ಯಾವ ಕುರ್ಚ್ಯಾಗ ಕೂತಾನ ಅನ್ನೂದನ್ನ ಉಳಿದವರೆಲ್ಲಾ ನೋಡತಿರತಾರ. ಅಧಿಕಾರದಾಗ ಇದ್ದವರಿಂದ ಅವರು ಬಯಸೂದು ಅಷ್ಟ.

ಕಬ್ಬು ಮುಟ್ಟಿದ 14 ದಿನದಾಗ ಬಿಲ್ಲು ಕೊಡಬೇಕು, ತಡಾ ಆದರ ವರ್ಷಕ್ಕ ನೂರಕ್ಕ 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಿ. ರೊಕ್ಕ ಬಿಡೂದು ನಿನ್ನ ಕೈಯಾಗಿಲ್ಲ, ಖರೆ. ತೂಕದ ಚೀಟಿಗೆ ಆ ದಿನದ್ದ ತಾರೀಖ ಹಾಕಸೂದು ನಿನ್ನ ಕೈಯಾಗೈತಿ.

ಕಟಾವಿನ ಪಾಳಿ ಮುಂದ ತರಸು ಅಂತ ಕಾಕಾ ಫೋನ್ ಮಾಡತಾನ. ಆಗೂದಿಲ್ಲ ಅನ್ನು. ನಮ್ಮ ಹೊಲದ ಕಬ್ಬೂ ನಾಟಿ ತಾರೀಖಿನ ಪ್ರಕಾರ ಬರಲಿ. ಅವ್ವಗ ನಾ ಹೇಳತೇನಿ.

ಮತ್ತ ಉಪದೇಶ ಆತು. ನಿನ್ನೆ ತಕರಾರು ಮಾಡಿದವನ್ನ ಕರಸು, ಅವನ ಮುಂದ ಸಂದಿ ತೊಳಸು, ಏನು ಸಿಕ್ಕತು ಅಂತ ಫೋನ್ ಮಾಡು. ನಡುವ ಬಾಯಿ ಹಾಕೂದಿಲ್ಲ.

ನಿನ್ನ ಅಪ್ಪ