ಮಡಿಲಲ್ಲಿ ಕೂರುವ ಕೂಸಿನ ದರ ಮೊದಲೇ ತೋರಿಸಿ

ಮಾನ್ಯ ಸಂಪಾದಕರೇ,

2 ವರ್ಷದೊಳಗಿನ ಮಗುವಿಗೆ ವಿಮಾನದಲ್ಲಿ ಟಿಕೆಟ್ ಬೇಡ, ಮಡಿಲಲ್ಲೇ ಕೂರುತ್ತೆ ಅಲ್ವಾ ಅಂತ ನಾನೂ ನಂಬಿದ್ದೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಹಾಗಿಲ್ಲ. ಸೀಟು ಕೊಡದಿದ್ದರೂ ಮಗುವಿನ ಹೆಸರಿನಲ್ಲಿ ಟಿಕೆಟ್ ಬೇಕು. ಸಾಮಾನ್ಯವಾಗಿ ದೊಡ್ಡವರ ದರದ ಸುಮಾರು ಶೇ 10ರಷ್ಟು, ಅದರ ಮೇಲೆ ತೆರಿಗೆ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ವಿಮಾನದಲ್ಲಿ ಓಡಾಡಿದ್ದಕ್ಕೆ ವಿಮಾನ ಸಂಸ್ಥೆ ಅಂಕಗಳಾಗಿ ಕೊಡುವ, ನಾನು ವರ್ಷಗಟ್ಟಲೆ ಕೂಡಿಟ್ಟ ಮೈಲ್‌ಗಳಲ್ಲಿ ನನ್ನ ಟಿಕೆಟ್ ಪಡೆದೆ. ಕೈಯಿಂದ ಕಟ್ಟಿದ್ದು ತೆರಿಗೆ ಮಾತ್ರ. ಆದರೆ ಮಗಳ ಶೇ 10 ಲೆಕ್ಕ ಹಾಕಿದ್ದು ಅದೇ ಸೀಟಿನ ಪೂರ್ತಿ ನಗದು ದರದ ಮೇಲೆ! ಕೊನೆಗೆ ನನ್ನ ಟಿಕೆಟ್‌ಗಿಂತ ಅವಳದ್ದಕ್ಕೇ ಜಾಸ್ತಿ ಹಣ ಹೋಯಿತು. ಇದು ಗೊತ್ತಾದದ್ದು ಫೋನ್‌ನಲ್ಲಿ 40 ನಿಮಿಷ ಕಾದ ಮೇಲೆ. ವೆಬ್‌ಸೈಟಿನಲ್ಲಿ ಎಲ್ಲೂ ಇರಲಿಲ್ಲ.

ವಿಮಾನದಲ್ಲಿ ಕೂಸುಗಳಿಗೆ ಕೊಡುವ ತೊಟ್ಟಿಲೂ ಸಿಗಲಿಲ್ಲ, ಮಗಳ ತೂಕ ಅದರ ಮಿತಿ ದಾಟಿತ್ತು. ಒಂಬತ್ತು ಗಂಟೆ ನನ್ನ ಅಂಗಿಯ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದ್ದಳು. ಕೈ ಜೋಮು ಹಿಡಿದರೂ ಅಲುಗಾಡುವ ಹಾಗಿರಲಿಲ್ಲ. ಊಟದ ತಟ್ಟೆ ಹಾಗೇ ವಾಪಸ್ ಹೋಯಿತು.

ಪ್ರವಾಸದ ಮಧ್ಯೆ ಮಗುವಿಗೆ 2 ವರ್ಷ ತುಂಬಿದರೆ ವಾಪಸ್ ಬರುವಾಗ ಸೀಟೇ ಕೊಳ್ಳಬೇಕು. ಇದೂ ಎಷ್ಟೋ ತಂದೆ ತಾಯಿಗೆ ತಿಳಿದಿರುವುದಿಲ್ಲ.

ದರ ಬೇಡ ಅಂತ ನಾನು ಹೇಳುತ್ತಿಲ್ಲ. ದೊಡ್ಡವರ ದರ ಕಾಣುವ ಮೊದಲ ಪುಟದಲ್ಲೇ ಮಗುವಿನ ದರವನ್ನೂ ತೋರಿಸಲಿ. ಮೈಲ್ ಟಿಕೆಟ್ ಪಡೆದವರ ಮಗುವಿಗೂ ಮೈಲ್‌ನಲ್ಲೇ ಕಟ್ಟಲು ಎಲ್ಲ ಸಂಸ್ಥೆಗಳೂ ಅವಕಾಶ ಕೊಡಲಿ.

– ಒಬ್ಬ ತಾಯಿ