ಗೆಳೆಯನಿಗೊಂದು ಪತ್ರ: ಅವ್ವನ ಅನ್ಯಭಾಷೆ

ಲೋ ಮಂಜ,

ಮೂರು ವಾರದಿಂದ ಫೋನ್ ಎತ್ತಿಲ್ಲ ಅಂತ ಎಲ್ಲರೆದುರು ಬೈದಿದ್ದೀಯ. ಅದಕ್ಕೇ ಉತ್ತರವೂ ಎಲ್ಲರೆದುರೇ. ಆ ಎಡಗಾಲಿನ ಚಪ್ಪಲಿ ವಿಷಯ ಮಾತ್ರ ಇಲ್ಲಿ ಎತ್ತಬೇಡ, ದಮ್ಮಯ್ಯ.

ಹೋದ ಶುಕ್ರವಾರ ಅವ್ವನನ್ನು ಉಪವಾಸ ಪ್ರಾರ್ಥನೆಗೆ ಬಿಡಲು ಹೋಗಿದ್ದೆ. ಅಗ್ರಹಾರದ ಹತ್ತಿರ, ಪ್ಲೈವುಡ್ ಅಂಗಡಿ ಮೇಲಿನ ಹಾಲ್. ಮಳೆ ಹಿಡಿಯಿತು, ಒಳಗೇ ಕೂತೆ. ನಮ್ಮದು ಗೊತ್ತಲ್ಲ, ಸಿಎಸ್‌ಐ ಚರ್ಚಿನ ಮನೆ. ಪುಸ್ತಕ ನೋಡಿ ಹಾಡಿ, ಪ್ರಸಂಗಕ್ಕೆ ತೂಕಡಿಸಿ, ಮನೆಗೆ ಬಂದು ಕೋಳಿಸಾರು ಉಣ್ಣುವ ಭಕ್ತರು. ಅಪ್ಪ ಹೋದಮೇಲೆ ಅವ್ವ ಈ ಪೆಂಟೆಕೋಸ್ಟ್ ಕಡೆ ವಾಲಿದಳು, ಪವಿತ್ರಾತ್ಮ ಬಂತೆಂದು ಯಾರಿಗೂ ತಿಳಿಯದ ‘ಅನ್ಯಭಾಷೆ’ಯಲ್ಲಿ ಪ್ರಾರ್ಥಿಸುವವರ ಕಡೆ.

ಇದೆಲ್ಲ 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಿಂದ ಬಂದ ಶೋಕಿ ಅಂತ ನಾನೂ ಭಾಷಣ ಬಿಗಿದವನೇ. ಆದರೆ ಅದಕ್ಕೆ ಒಂದು ವರ್ಷ ಮುಂಚೆಯೇ ಪುಣೆ ಕಡೆಯ ಮುಕ್ತಿ ಆಶ್ರಮದಲ್ಲಿ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ಎದ್ದಿತ್ತು. ಆ ಆಶ್ರಮ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮದೇ ಪಶ್ಚಿಮಘಟ್ಟದ ಕಾಡಲ್ಲಿ. ಇರಲಿ.

ಡ್ರಮ್ ನಿಂತಿತು. ಪಕ್ಕದಲ್ಲಿ ಅವ್ವ ಶುರು ಮಾಡಿದಳು. ಕಣ್ಣು ಮುಚ್ಚಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ. ಯಾವ ಭಾಷೆಯೂ ಅಲ್ಲದ ಮಾತು, ಹತ್ತು ನಿಮಿಷ, ಎಲ್ಲೂ ತಡವರಿಸದೆ. ನನಗೆ ಗಾಬರಿ. ಫೋನ್ ತೆಗೆದು ಬೈಬಲ್‌ನಲ್ಲಿ ಪೌಲ ಬರೆದ ಒಂದನೇ ಕೊರಿಂಥ 14 ಹುಡುಕಿದೆ. ಸಭೆಯಲ್ಲಿ ತಿಳಿಯದ ಹತ್ತು ಸಾವಿರ ಮಾತಿಗಿಂತ ತಿಳಿಯುವ ಐದು ಮಾತು ಮೇಲು ಅಂತಾನೆ ಪೌಲ. ಆದರೆ ಅದೇ ಅಧ್ಯಾಯದಲ್ಲಿ, ನಿಮ್ಮೆಲ್ಲರಿಗಿಂತ ಜಾಸ್ತಿ ಅನ್ಯಭಾಷೆ ಆಡುವವನು ನಾನೇ ಅಂತಲೂ ಅಂತಾನೆ. ಪೌಲನ ಲೆಕ್ಕದಲ್ಲಿ ನಾನು ಭಾಗ್ಯವಂತ. ಮನೆಯಲ್ಲಿ ಅವ್ವ ನನಗೆ ದಿನಕ್ಕೆ ಆಡುವುದು ಹೆಚ್ಚುಕಮ್ಮಿ ಐದೇ ಮಾತು. ಉಂಡ್ಯಾ? ಗ್ಯಾಸ್ ಬುಕ್ ಮಾಡ್ದಾ?

ಫೋನ್ ಕೈಯಲ್ಲಿತ್ತಲ್ಲ, ರೆಕಾರ್ಡ್ ಒತ್ತಿದೆ. ಅವ್ವನಿಗೆ ಗೊತ್ತಿಲ್ಲ.

ರಾತ್ರಿ ಇಯರ್‌ಫೋನ್ ಹಾಕಿ ಕೇಳಿದೆ. ವಿಲಿಯಂ ಸಮರಿನ್ ಅಂತ ಒಬ್ಬ ಭಾಷಾವಿಜ್ಞಾನಿ ಇಂಥವನ್ನೇ ಕೂತು ಕೇಳಿ, 1972ರಲ್ಲಿ ಬರೆದಿದ್ದ: ಸದ್ದುಗಳು ಆಡುವವರಿಗೆ ಗೊತ್ತಿರುವ ನುಡಿಗಳಿಂದಲೇ ಬರುತ್ತವೆ ಅಂತ. ಅವನ ಮಾತು ನಿಜ ಕಣೋ. ಅವ್ವನ ಅನ್ಯಭಾಷೆ ತುಂಬ ನಮ್ಮ ‘ಳ’. ಮೂರನೇ ಸಲ ಕೇಳುವಾಗ ರಾಗ ಗೊತ್ತಾಯಿತು. ಜ್ವರ ಬಂದಾಗ ನನ್ನನ್ನು ಹೆಗಲಿಗೆ ಹಾಕಿಕೊಂಡು ಮಂಡ್ಯದ ಆ ಹಳೇ ಮನೆಯ ಜಗಲಿ ಮೇಲೆ ಓಡಾಡುತ್ತಾ ಅನ್ನುತ್ತಿದ್ದಳಲ್ಲ, ಉಳುಳುಳಾಯಿ, ಅದೇ ರಾಗ. ಈಗ ಯಾರನ್ನು ಹೆಗಲಿಗೆ ಹಾಕಿಕೊಂಡಿದ್ದಾಳೋ.

ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಾನೂ ಪ್ರಯತ್ನ ಮಾಡಿದೆ. ನಗಬೇಡ. ನಾಲಿಗೆ ಹೊರಳಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನವೂ ಹೀಗೇ ಆಗಿತ್ತು, ಎಲ್ಲರೂ ಅಳುತ್ತಿದ್ದರು, ನನ್ನ ಬಾಯಿಂದ ಏನೂ ಬರಲಿಲ್ಲ. ಅಷ್ಟರಲ್ಲಿ ಅವ್ವ ಬಾಗಿಲು ಬಡಿದಳು: ‘ಅದೇನ್ಲಾ ಗುಳುಗುಳು? ಟ್ಯಾಂಕ್ ಖಾಲಿ ಆಯ್ತದೆ, ನಲ್ಲಿ ನಿಲ್ಸು.’

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಓದಿದವರು ಕುಡಿದು ಬರೆದಿದ್ದಾನೆ ಅನ್ನಬಹುದು. ಪಂಚಾಶತ್ತಮದ ದಿನ ಯೇಸುವಿನ ಶಿಷ್ಯರು ಮೊದಲ ಸಲ ಅನ್ಯಭಾಷೆ ಆಡಿದಾಗಲೂ ಜನ ಹಾಗೇ ಅಂದಿದ್ದರು. ಪೇತ್ರ ಕೊಟ್ಟ ಉತ್ತರವೇ ನನ್ನದೂ: ಇನ್ನೂ ಬೆಳಗ್ಗೆ ಒಂಬತ್ತು ಗಂಟೆ ಕಣ್ರಪ್ಪಾ.

ನಿನ್ನ,
ಬಲಗಾಲು