ಮೊದಲು ಸ್ಟೆಪ್ನಿ ಬದಲಿಸುವುದನ್ನು ಕಲಿ

ಮಂಡ್ಯ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಹಳೆಯ ಕಾರೊಂದನ್ನು ಕೊಂಡ ಸುದ್ದಿಯನ್ನು ನಿನ್ನ ಅಪ್ಪ ತಿಳಿಸಿದ. ಬಹಳ ಸಂತೋಷವಾಯಿತು. ವಾರವಾರವೂ ಅದರಲ್ಲಿಯೇ ಮೈಸೂರಿಗೂ ಬೆಂಗಳೂರಿಗೂ ಓಡಾಡುತ್ತೀಯೆಂದು ಕೇಳಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ. ಕಾರು ಓಡಿಸಲು ನಿನಗೆ ಚೆನ್ನಾಗಿ ಬರುತ್ತದೆ. ಅದು ನಿಂತುಹೋದಾಗ ಏನು ಮಾಡಬೇಕೆಂಬುದೂ ಬರಬೇಕೆಂಬುದು ನನ್ನ ಆಸೆ.

ಬೆಂಗಳೂರು–ಮೈಸೂರು ಹಳೆಯ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ನಡುವೆಯೇ ಹಾದುಹೋಗುತ್ತಿತ್ತು. ಟೈರು ಕೂತರೆ ಕೂಗಳತೆಯಲ್ಲಿ ಪಂಕ್ಚರ್ ಅಂಗಡಿ ಇರುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಈ ಊರುಗಳನ್ನೆಲ್ಲ ಬದಿಗಿಟ್ಟು ಬೈಪಾಸಿನಲ್ಲಿ ಸಾಗುತ್ತದೆ. ಅದೇ ವರ್ಷದ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ಬೈಕು, ಆಟೋಗಳನ್ನು ಬಿಡುವುದಿಲ್ಲ. ಊರಿನ ಮೆಕ್ಯಾನಿಕ್ ಪಾನಾ ಚೀಲ ಹಿಡಿದು ಬೈಕಿನಲ್ಲಿ ನಿನ್ನ ಬಳಿಗೆ ಬರುವಂತಿಲ್ಲ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033. ಅದನ್ನು ಇಂದೇ ಮೊಬೈಲಿನಲ್ಲಿ ಬರೆದಿಟ್ಟುಕೊ.

ಮೊದಲು ಕಲಿಯಬೇಕಾದದ್ದು ಸ್ಟೆಪ್ನಿ ಹಾಕುವುದನ್ನು. ಹಳೆಯ ಕಾರುಗಳಲ್ಲಿ ಎಲ್ಲಕ್ಕಿಂತ ಮುದಿಯಾದ ಟೈರು ಹೆಚ್ಚಾಗಿ ಡಿಕ್ಕಿಯಲ್ಲೇ ಇರುತ್ತದೆ. ಅದರ ಪಕ್ಕೆಯ ಮೇಲೆ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು. ನೋಡಲು ಹೊಸದರಂತಿದ್ದರೂ ರಬ್ಬರು ಬಿರುಕುಬಿಟ್ಟಿದ್ದರೆ ಅದನ್ನು ನಂಬಬೇಡ. ಗಾಳಿ ಹಿಡಿಸುವಾಗ ನಾಲ್ಕು ಚಕ್ರಗಳ ಜೊತೆಗೆ ಇದಕ್ಕೂ ಹಿಡಿಸು. ಎಷ್ಟು ಹಿಡಿಸಬೇಕೆಂಬುದು ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿದೆ. ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಚಕ್ರ ಬದಲಿಸುವುದಕ್ಕೆ ಒಂದು ಕ್ರಮವಿದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಬಿಚ್ಚುವ ಚಕ್ರಕ್ಕೆ ಕರ್ಣದಲ್ಲಿರುವ ಚಕ್ರಕ್ಕೆ ಕಲ್ಲು ಕೊಡು. ಚಕ್ರ ಇನ್ನೂ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸು. ಮೇಲೆತ್ತಿದ ಮೇಲೆ ಬಲ ಹಾಕಿದರೆ ಚಕ್ರ ತಿರುಗುತ್ತದೆ, ಕಾರು ಜಾಕಿನಿಂದ ಜಾರುತ್ತದೆ. ಕೈಗೆ ಬಗ್ಗದಿದ್ದರೆ ಪಾನಾದ ಹಿಡಿಯನ್ನು ಎಡಕ್ಕೆ ಅಡ್ಡಲಾಗಿ ಕೂರಿಸಿ ಕಾಲಿನಿಂದ ಕೆಳಕ್ಕೆ ಒತ್ತು. ಜಾಕ್ ಇಡುವ ಜಾಗ ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತಾಗಿದೆ. ಬೇರೆಡೆ ಇಟ್ಟರೆ ತಗಡು ಬಗ್ಗುತ್ತದೆ. ಹೊಸ ಚಕ್ರದ ನಟ್‌ಗಳನ್ನು ಸಾಲಾಗಿ ಬಿಗಿಯಬಾರದು, ಒಂದಾದ ಮೇಲೆ ಅದರ ಎದುರಿನದನ್ನು ಬಿಗಿಯಬೇಕು. ಕೊನೆಯ ಬಿಗಿ ಕಾರು ಕೆಳಗಿಳಿದ ಮೇಲೆ. ಐವತ್ತು ಕಿಲೋಮೀಟರ್ ಓಡಿಸಿದ ನಂತರ ಇನ್ನೊಮ್ಮೆ ಬಿಗಿ ನೋಡು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡ.

ಗ್ಯಾರೇಜುಗಳಲ್ಲಿ ಗಾಳಿಯ ಗನ್ನಿನಿಂದ ನಟ್ ಬಿಗಿಯುತ್ತಾರೆ. ಹಾಗೆ ಬಿಗಿದ ನಟ್ ಕಾರಿನ ಜೊತೆ ಕೊಟ್ಟ ಗಿಡ್ಡ ಪಾನಾಗೆ ಜಗ್ಗದಿರಬಹುದು. ಆದ್ದರಿಂದ ಮನೆಯ ಮುಂದೆಯೇ ಒಮ್ಮೆ ನೀನೇ ಬಿಚ್ಚಿ ಹಾಕಿ ನೋಡು.

ಇಷ್ಟೆಲ್ಲ ಕಲಿತರೂ ಹೆದ್ದಾರಿಯ ಮುಖ್ಯ ಪಥದಲ್ಲಿ ಚಕ್ರ ಬಿಚ್ಚಲು ಕೂರಬೇಡ. ಟೈರು ಹಾಳಾದರೆ ಆಗಲಿ, ದೀಪ ಮಿನುಗಿಸುತ್ತ ನಿಧಾನವಾಗಿ ಹೊರಹೋಗುವ ದಾರಿಯವರೆಗೆ ಸಾಗು. ಸಾಗಲಾಗದಿದ್ದರೆ ತೀರ ಅಂಚಿಗೆ ನಿಲ್ಲಿಸಿ, ಎಡಬಾಗಿಲಿನಿಂದ ಇಳಿದು ತಡೆಬೇಲಿಯ ಆಚೆ ನಿಂತು ಕರೆ ಮಾಡು. ಟೈರಿಗೆ ಬೆಲೆ ಇದೆ, ನಿನಗೆ ಬೆಲೆ ಕಟ್ಟಲು ನಮ್ಮಿಂದಾಗದು.

ನಮ್ಮ ಕಡೆಯ ರಸ್ತೆಗಳಲ್ಲಿ ಇನ್ನೊಂದು ಅಪಾಯವಿದೆ. ಸುಗ್ಗಿಯಲ್ಲಿ ಹುರುಳಿ, ರಾಗಿಯ ಹೊರೆಗಳನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುತ್ತಾರೆ. ಕಣಗಳು ಕಡಿಮೆಯಾಗಿವೆ, ರೈತರ ಕಷ್ಟ ನನಗೆ ತಿಳಿದಿದೆ. ಆದರೆ ಹುರುಳಿಯ ಬಳ್ಳಿ ಚಕ್ರದ ಆಕ್ಸೆಲ್‌ಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಕಾರು ಹೊತ್ತಿ ಉರಿದಿರುವುದುಂಟು. ಸಾಧ್ಯವಾದರೆ ಅದರ ಮೇಲೆ ಹತ್ತಿಸಬೇಡ. ಹತ್ತಿಸಲೇಬೇಕಾದರೆ, ದಾಟಿದ ಮೇಲೆ ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ ಅಡಿಭಾಗವನ್ನು ಬಗ್ಗಿ ನೋಡು. ಸುತ್ತಿಕೊಂಡಿದ್ದರೆ ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಕುಡುಗೋಲಿನಿಂದ ಕೊಯ್ದು ತೆಗೆ. ಸುಟ್ಟ ವಾಸನೆ ಬಂದರೆ ಮೊದಲು ಕಾರಿನಿಂದ ಇಳಿದು ದೂರ ಹೋಗು.

ಕೂಲೆಂಟ್ ಎಂದರೆ ಇಂಜಿನ್ನನ್ನು ತಂಪಾಗಿಡುವ ದ್ರವ. ಅದರ ಮಟ್ಟವನ್ನು ಇಂಜಿನ್ ತಣ್ಣಗಿರುವ ಬೆಳಗಿನ ಹೊತ್ತು ನೋಡು. ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಇರಬೇಕು. ಬಿಸಿಯೇರಿದ ರೇಡಿಯೇಟರಿನ ಮುಚ್ಚಳ ಒಲೆಯ ಮೇಲಿನ ಕುಕ್ಕರಿನ ಮುಚ್ಚಳವಿದ್ದಂತೆ, ತೆರೆದರೆ ಕುದಿವ ನೀರು ಮುಖಕ್ಕೆ ಹಾರುತ್ತದೆ. ಬಿಸಿಯ ಮುಳ್ಳು ಮೇಲೇರಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕು. ಇಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬರುತ್ತದೆ. ಆಮೇಲೆ ಬೇಗನೆ ಬದಿಗೆ ನಿಲ್ಲಿಸು. ‘ಇನ್ನೇನು ಊರು ಬಂತು’ ಎಂದು ಓಡಿಸಿದರೆ ಇಂಜಿನ್ನಿನ ಒಳಗೆ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಅದರ ಖರ್ಚು ದೊಡ್ಡದು. ನಮ್ಮ ಬೋರ್‌ವೆಲ್ ನೀರು ಗಡಸು, ಅದನ್ನು ಸುರಿದರೆ ಒಳಗೆ ಪೊರೆ ಕಟ್ಟುತ್ತದೆ. ಕೂಲೆಂಟನ್ನೇ ತಂದಿಟ್ಟುಕೊ.

ಬ್ಯಾಟರಿಯ ತುದಿಯಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಉಜ್ಜಿ ತೊಳೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವ ಪಾನಾ ಕಾರಿನ ಮೈಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಫ್ಯೂಸ್ ಹೋದರೆ ಅದೇ ಆಂಪಿಯರ್‌ನದನ್ನು ಹಾಕು: ಕೆಂಪು 10, ನೀಲಿ 15, ಹಳದಿ 20. ತಂತಿ ಸುತ್ತಿ ಕೆಲಸ ಸಾಗಿಸುವವರ ಮಾತು ಕೇಳಬೇಡ, ವೈರಿಗೇ ಬೆಂಕಿ ಹತ್ತುತ್ತದೆ. ಏರ್ ಫಿಲ್ಟರ್, ವೈಪರ್ ರಬ್ಬರ್ ಬದಲಿಸಲು ಯಾರೂ ಹೇಳಿಕೊಡಬೇಕಿಲ್ಲ.

ಬ್ರೇಕು, ಸ್ಟೀರಿಂಗ್, ಏರ್‌ಬ್ಯಾಗುಗಳನ್ನು ಮಾತ್ರ ಬಿಚ್ಚಲು ಹೋಗಬೇಡ. ಬ್ರೇಕ್ ಆಯಿಲ್ ಮಟ್ಟ ನೋಡುವುದು ನಿನ್ನ ಕೆಲಸ. ಅದು ಇಳಿದಿದ್ದರೆ ಪ್ಯಾಡ್ ಸವೆದಿರಬಹುದು, ಸೋರಿಕೆಯೂ ಇರಬಹುದು. ಬರೀ ತುಂಬಿಸಿ ಸುಮ್ಮನಾಗದೆ ಮೆಕ್ಯಾನಿಕ್‌ಗೆ ತೋರಿಸು.

ಇದನ್ನೆಲ್ಲ ದುಡ್ಡು ಉಳಿಸಲು ಹೇಳುತ್ತಿಲ್ಲ. ನಮ್ಮ ವಯಸ್ಸಿನಲ್ಲಿ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕು ಓಡಿಸುತ್ತಿದ್ದವರು ಪ್ಲಗ್ ಬಿಚ್ಚಿ ಕಾರ್ಬನ್ ಉಜ್ಜುವುದನ್ನು ಓಡಿಸುವುದರ ಜೊತೆಗೇ ಕಲಿಯುತ್ತಿದ್ದರು. ಹಾಗಾಗಿ ಗ್ಯಾರೇಜಿಗೆ ಹೋದಾಗ ‘ಗಾಡಿ ಸರಿಯಿಲ್ಲ’ ಎನ್ನುತ್ತಿರಲಿಲ್ಲ. ಯಾವ ಗೇರಿನಲ್ಲಿ, ಬಿಸಿಯಾದ ಮೇಲೋ ಮೊದಲೋ, ಎಂಥ ಸದ್ದು ಎಂದು ಹೇಳುತ್ತಿದ್ದರು. ಒಳ್ಳೆಯ ಮೆಕ್ಯಾನಿಕ್ ಅಂಥ ಗಿರಾಕಿಯನ್ನು ಗೌರವಿಸುತ್ತಾನೆ. ನೀನೂ ಹಾಗೆ ಹೇಳುವಂತಾಗಬೇಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆದು ನೋಡು, ಅವನ ಕೂಲಿಗೆ ಚೌಕಾಸಿ ಮಾಡಬೇಡ.

ಬರುವ ಭಾನುವಾರ ಕಾರು ತೆಗೆದುಕೊಂಡು ಬಾ. ಬರುವ ಮೊದಲು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿರುವ ಕಾರಿನ ಪುಸ್ತಕವನ್ನು ಓದಿರು, ಜಾಕ್ ಮತ್ತು ಪಾನಾ ಇವೆಯೋ ಇಲ್ಲವೋ ನೋಡು. ಹಳೆಯ ಕಾರು ಮಾರುವವರು ಅವನ್ನು ತೆಗೆದಿಟ್ಟುಕೊಂಡಿರುವುದುಂಟು. ಇಲ್ಲದಿದ್ದರೆ ಫೋನ್ ಮಾಡು, ನಾನು ಪೇಟೆಯಿಂದ ತಂದಿಟ್ಟಿರುತ್ತೇನೆ. ಹಳೆಯ ಬಟ್ಟೆ ಹಾಕಿಕೊಂಡು ಬಾ, ದುಪಟ್ಟಾ ಬೇಡ. ದೊಡ್ಡಮ್ಮ ಊಟಕ್ಕೆ ಕಾಯುತ್ತಿರುತ್ತಾಳೆ, ನಾಲ್ಕೂ ಚಕ್ರ ಬಿಚ್ಚಿ ಹಾಕಿದ ಮೇಲೆ ಊಟ.

ಇಂತಿ,
ನಿನ್ನ ದೊಡ್ಡಪ್ಪ